ಗಣಕಯಂತ್ರದೊಳಗೆ ಏಕಾಂತದ ಏರ್ಪಾಡು

ರೇಖಾಗಣಿತದ ಪಾಠ ನಡೆದಿದೆ. ಪ್ರಮೇಯದ ಸಾಧನೆಯು ಅರ್ಧ ಹಲಗೆಯವರೆಗೆ ಬಂದಿದೆ. ಅಷ್ಟರಲ್ಲಿ ಜವಾನನು ಸೂಚನಾ ಪುಸ್ತಕವನ್ನು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಗುರುಗಳು ಸೀಮೆಸುಣ್ಣವನ್ನು ಕೆಳಗಿಟ್ಟು, ಸೂಚನೆಯನ್ನು ಓದಿ, ಸಹಿ ಹಾಕಿ ಕಳುಹಿಸುತ್ತಾರೆ. ಇದಕ್ಕೆ ಹಿಡಿಯುವ ಕಾಲ ಒಂದು ನಿಮಿಷ. ಆದರೆ "ಎಲ್ಲಿಗೆ ಬಂದಿದ್ದೆವು?" ಎಂದು ಕೇಳಿಕೊಂಡು, ಕಡಿದ ಎಳೆಯನ್ನು ಮತ್ತೆ ಕೂಡಿಸಿಕೊಳ್ಳುವುದಕ್ಕೆ ಇನ್ನೂ ಎರಡು ನಿಮಿಷ ಬೇಕು. ಸೂಚನಾ ಪುಸ್ತಕವು ಅನಾವಶ್ಯಕವೆಂದು ನಾವು ಹೇಳುವುದಿಲ್ಲ. ಅದಿಲ್ಲದೆ ಶಾಲೆ ನಡೆಯದು. ಅದು ಬಂದ ಗಳಿಗೆ ಮಾತ್ರ ಸರಿಯಾದುದಲ್ಲ. ಗಣಕಯಂತ್ರದೊಳಗೂ ಇಂಥದೇ ಒಂದು ತೊಂದರೆ ಇದೆ. ಅದನ್ನು ಪರಿಹರಿಸಲು ಲಿನಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟುವವರು ಪಟ್ಟ ಪ್ರಯತ್ನವನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಗಣಕಯಂತ್ರದಲ್ಲಿ ನಾವು ನಡೆಸುವ ಪ್ರೋಗ್ರಾಂಗಳೆಲ್ಲವೂ ಒಬ್ಬ ಮೇಲ್ವಿಚಾರಕನ ಅಧೀನದಲ್ಲಿರುತ್ತವೆ. ಆ ಮೇಲ್ವಿಚಾರಕನಿಗೆ ಆಪರೇಟಿಂಗ್ ಸಿಸ್ಟಮ್ ಎಂದೂ, ಅದರ ಒಳತಿರುಳಿಗೆ ಕರ್ನೆಲ್ ಎಂದೂ ಹೆಸರು. ಲಿನಕ್ಸ್ ಅಂಥದೊಂದು ಕರ್ನೆಲ್. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅದನ್ನು 1991ರಲ್ಲಿ ಆರಂಭಿಸಿದರು. ಲೆಕ್ಕ ಮಾಡುವ ಅಂಗಕ್ಕೆ ಪ್ರೊಸೆಸರ್ ಎನ್ನುತ್ತಾರೆ. ಇಂದಿನ ಪ್ರೊಸೆಸರುಗಳಲ್ಲಿ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಹಲವು ಭಾಗಗಳಿರುತ್ತವೆ, ಅವೇ ಕೋರುಗಳು. ಯಾವ ಕೋರಿನ ಮೇಲೆ ಯಾವ ಪ್ರೋಗ್ರಾಂ ಎಷ್ಟು ಹೊತ್ತು ನಡೆಯಬೇಕೆಂಬುದನ್ನು ನಿರ್ಧರಿಸುವುದು ಕರ್ನೆಲ್ಲಿನ ಕೆಲಸ. ಅದಕ್ಕಾಗಿ ಪ್ರತಿಯೊಂದು ಕೋರಿಗೂ ಒಂದು ಗಂಟೆಯನ್ನು ಕಟ್ಟಲಾಗಿದೆ. ಕರ್ನೆಲ್ಲನ್ನು ಸಿದ್ಧಪಡಿಸಿದವರ ಆಯ್ಕೆಗೆ ಅನುಸಾರವಾಗಿ ಅದು ಸೆಕೆಂಡಿಗೆ 100, 250 ಅಥವಾ 1000 ಸಲ ಬಾರಿಸುತ್ತದೆ. ಬಾರಿಸಿದಾಗಲೆಲ್ಲ ನಡೆಯುತ್ತಿದ್ದ ಪ್ರೋಗ್ರಾಂ ನಿಂತು, ಕರ್ನೆಲ್ ಒಳಬಂದು, "ಇವನ ಪಾಳಿ ಮುಗಿಯಿತೇ? ಬೇರೆ ಯಾರು ಕಾದಿದ್ದಾರೆ?" ಎಂದು ನೋಡಿ ಹೋಗುತ್ತದೆ. ಇಂಥ ಅಡ್ಡಿಗೆ ಇಂಟರಪ್ಟ್ ಎಂದು ಹೆಸರು. ನೂರು ಪ್ರೋಗ್ರಾಂಗಳು ಒಂದೇ ಯಂತ್ರವನ್ನು ಹಂಚಿಕೊಂಡಿರುವಾಗ ಇದಕ್ಕಿಂತ ನ್ಯಾಯವಾದ ಏರ್ಪಾಡು ಇಲ್ಲ. ನಾವು ಪತ್ರ ಬರೆಯುವಾಗ, ಚಿತ್ರ ನೋಡುವಾಗ ಇದರ ಸುಳಿವೂ ನಮಗೆ ಹತ್ತುವುದಿಲ್ಲ.

ಹಾಗಾದರೆ ಯಾರಿಗೆ ತೊಂದರೆ? ಒಂದು ಲೆಕ್ಕವನ್ನು ಮಾಡಿ ನೋಡೋಣ. ದೂರಸಂಪರ್ಕದ ತಂತಿಯಲ್ಲಿ ಸಮಾಚಾರವು ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ಈಥರ್‌ನೆಟ್ ಎಂಬ ಪದ್ಧತಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್ 64 ಬೈಟುಗಳದು. ಅದರ ಮುಂದೆ 8 ಬೈಟುಗಳ ಮುನ್ಸೂಚನೆ, ಹಿಂದೆ 12 ಬೈಟುಗಳಷ್ಟು ತೆರಪು. ಒಟ್ಟು 84 ಬೈಟು, ಅಂದರೆ 672 ಬಿಟ್. ಸೆಕೆಂಡಿಗೆ 10 ಗಿಗಾಬಿಟ್, ಎಂದರೆ ಒಂದು ಸಾವಿರ ಕೋಟಿ ಬಿಟ್, ಸಾಗಿಸುವ ತಂತಿಯಲ್ಲಿ ಇಂಥ ಪ್ಯಾಕೆಟ್ಟುಗಳು ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ 80 ಸಾವಿರ ಬರಬಹುದು. ಒಂದರ ಹಿಂದೆ ಇನ್ನೊಂದು ಬರುವುದಕ್ಕೆ 67.2 ನ್ಯಾನೋಸೆಕೆಂಡು ಸಾಕು. (ನ್ಯಾನೋಸೆಕೆಂಡು ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ.) ಈಗ ಕರ್ನೆಲ್ ಹತ್ತೇ ಹತ್ತು ಮೈಕ್ರೋಸೆಕೆಂಡು ಅಡ್ಡ ಬಂದಿತೆನ್ನಿ. ಕಣ್ಣು ಮಿಟುಕಿಸುವ ಕಾಲದ ಮುಂದೆ ಅದು ಏನೇನೂ ಅಲ್ಲ. ಆದರೆ ಅಷ್ಟರಲ್ಲಿ ಸುಮಾರು 149 ಪ್ಯಾಕೆಟ್ಟುಗಳು ಬಾಗಿಲಿಗೆ ಬಂದು ಸಾಲು ನಿಂತಿರುತ್ತವೆ. ಸಾಲಿನ ಜಾಗ ತುಂಬಿತೆಂದರೆ ಹಿಂದೆ ಬಂದವು ನಷ್ಟವಾಗುತ್ತವೆ. ಮೊಬೈಲ್ ದೂರವಾಣಿಯ ಕೇಂದ್ರಗಳಲ್ಲಿ, ಕಾರ್ಖಾನೆಯ ಯಂತ್ರಗಳನ್ನು ನಡೆಸುವಲ್ಲಿ ಇಂಥ ಕೆಲಸಗಳಿವೆ. ಅಲ್ಲಿ ಸರಾಸರಿ ವೇಗವು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಒಂದು ಬಾರಿಯೂ ತಡವಾಗಬಾರದು.

ಇದಕ್ಕೆ ಮೊದಲು ತೋಚಿದ ಉಪಾಯವು ಸರಳವಾದುದು. ಯಂತ್ರದಲ್ಲಿ ಹದಿನಾರು ಕೋರುಗಳಿದ್ದರೆ ಎರಡನ್ನು ಮನೆಗೆಲಸಕ್ಕೆ ಬಿಟ್ಟು, ಉಳಿದವುಗಳಲ್ಲಿ ಒಂದೊಂದು ಪ್ರೋಗ್ರಾಮನ್ನು ಮಾತ್ರ ಕೂರಿಸುವುದು. ಯಂತ್ರವನ್ನು ಚಾಲೂ ಮಾಡುವಾಗಲೇ ಈ ವಿಂಗಡಣೆಯನ್ನು ಹೇಳಿಬಿಡುವ ಸೌಕರ್ಯವು ಲಿನಕ್ಸಿನಲ್ಲಿ ಬಹುಕಾಲದಿಂದ ಇದೆ. 2013ರಲ್ಲಿ ಬಂದ 3.10ನೆಯ ಆವೃತ್ತಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಇಟ್ಟರು. ಕೋರಿನ ಮೇಲೆ ಒಂದೇ ಪ್ರೋಗ್ರಾಂ ಇರುವಾಗ ಪಾಳಿಯ ಪ್ರಶ್ನೆಯೇ ಇಲ್ಲವಷ್ಟೆ. ಆಗ ಗಂಟೆಯನ್ನು ಬಹುಮಟ್ಟಿಗೆ ನಿಲ್ಲಿಸಬಹುದೆಂದು ಏರ್ಪಡಿಸಿದರು.

ಗಂಟೆ ಬಹುಮಟ್ಟಿಗೆ ನಿಂತಿತು, ಆದರೆ ಜವಾನನು ಬರುವುದು ನಿಲ್ಲಲಿಲ್ಲ. ಕರ್ನೆಲ್ಲಿಗೆ ಮುಂದಕ್ಕೆ ಹಾಕಿದ ಕೆಲಸಗಳು ಬಹಳ. ಒಂದು ಉದಾಹರಣೆ ಸಾಕು. ಸ್ಮರಣೆಯ ಪುಟಗಳು ಎಷ್ಟು ಖಾಲಿ ಇವೆ, ಎಷ್ಟು ಬಳಕೆಯಲ್ಲಿವೆ ಎಂಬ ಲೆಕ್ಕವನ್ನು ಪ್ರತಿಯೊಂದು ಕೋರೂ ತನ್ನ ಸಣ್ಣ ಚೀಟಿಯಲ್ಲಿ ಬರೆದುಕೊಳ್ಳುತ್ತದೆ. ಎಲ್ಲರೂ ಒಂದೇ ಖಾತೆಪುಸ್ತಕಕ್ಕೆ ಮುಗಿಬಿದ್ದರೆ ನೂಕುನುಗ್ಗಲಾಗುತ್ತದೆಂಬುದೇ ಅದಕ್ಕೆ ಕಾರಣ. ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಚೀಟಿಯ ಮೊತ್ತವನ್ನು ಖಾತೆಗೆ ಸೇರಿಸಬೇಕು. ಏಕಾಂತದಲ್ಲಿ ಕುಳಿತ ಪ್ರೋಗ್ರಾಂ ಒಮ್ಮೆ ಕರ್ನೆಲ್ಲಿನಿಂದ ಏನನ್ನಾದರೂ ಕೇಳಿ ಪಡೆದಿದ್ದರೆ ಸಾಕು, ಚೀಟಿಯಲ್ಲಿ ಒಂದು ಅಂಕೆ ಉಳಿದಿರುತ್ತದೆ. ಕೆಲಸವು ಭರದಿಂದ ಸಾಗಿರುವಾಗ ಆ ಒಂದು ಅಂಕೆಗಾಗಿ ಅಡ್ಡಿ ಬರುತ್ತದೆ.

ಹೊರಗಿನಿಂದ ಮಾಡಿದ ವಿಂಗಡಣೆಯಿಂದ ಮಾತ್ರ ಇದು ಬಗೆಹರಿಯುವಂತಿರಲಿಲ್ಲ. "ಸಿದ್ಧತೆ ಮುಗಿಯಿತು, ಈಗ ನಾನು ಆರಂಭಿಸುತ್ತೇನೆ, ನಿನ್ನ ಬಾಕಿ ಕೆಲಸಗಳನ್ನು ಈಗಲೇ ತೀರಿಸಿಬಿಡು" ಎಂದು ಹೇಳಬಲ್ಲದ್ದು ಆ ಪ್ರೋಗ್ರಾಂ ಒಂದೇ. ಹಾಗೆ ಹೇಳುವುದಕ್ಕೆ ಒಂದು ಗೊತ್ತಾದ ರೀತಿ ಬೇಕು. ಪ್ರೋಗ್ರಾಂ ಮತ್ತು ಕರ್ನೆಲ್ಲುಗಳ ನಡುವಣ ಇಂಥ ಒಪ್ಪಂದಕ್ಕೆ ಇಂಟರ್‌ಫೇಸ್ ಎನ್ನುತ್ತಾರೆ. 2015ರಿಂದ ಕ್ರಿಸ್ ಮೆಟ್‌ಕಾಫ್ ಎಂಬುವರು ಇದಕ್ಕೊಂದು ರೂಪವನ್ನು ಮಂಡಿಸುತ್ತ ಬಂದರು. ಅದು ಬಹಳ ಕಟ್ಟುನಿಟ್ಟಿನದು: ಏಕಾಂತವನ್ನು ಬೇಡಿದ ಪ್ರೋಗ್ರಾಂ ತಾನೇ ಮರೆತು ಕರ್ನೆಲ್ಲನ್ನು ಕರೆದರೆ, ಬೇರೆ ಸಂಕೇತವನ್ನು ಆರಿಸಿಕೊಂಡಿಲ್ಲದಿದ್ದರೆ, ಅದನ್ನು ಅಲ್ಲಿಯೇ ಕೊನೆಗಾಣಿಸುವುದು. ತಪ್ಪನ್ನು ಹುಡುಕುವವರಿಗೆ ಇದು ಅನುಕೂಲ. ಆಗೊಮ್ಮೆ ಈಗೊಮ್ಮೆ ಕರ್ನೆಲ್ಲಿನ ನೆರವು ಬೇಕಾದವರಿಗೆ ಕಷ್ಟ.

2021ರಲ್ಲಿ ಮಾರ್ಸೆಲೊ ತೊಸಾಟ್ಟಿ ಎಂಬುವರು ಬೇರೊಂದು ರೂಪವನ್ನು ಮುಂದಿಟ್ಟರು. ಅದನ್ನು ಬೆಳೆಸಲು ಬರುವಂತೆ ಕಟ್ಟಿದ್ದರೆಂಬುದೇ ಅದರ ವೈಶಿಷ್ಟ್ಯ. ಇಲ್ಲಿ ನಾವು ಸ್ವಲ್ಪ ನಿಂತು ನೋಡಬೇಕು. ಕರ್ನೆಲ್ ಒಮ್ಮೆ ಒಂದು ಇಂಟರ್‌ಫೇಸನ್ನು ಕೊಟ್ಟಿತೆಂದರೆ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಅದನ್ನು ನಂಬಿ ಬರೆದ ಪ್ರೋಗ್ರಾಂಗಳು ಕೆಟ್ಟುಹೋಗಬಾರದೆಂಬುದು ಲಿನಕ್ಸಿನವರ ವ್ರತ. ಆದರೆ ಇಂದು ತಿಳಿದಿರುವ ಅಡ್ಡಿಗಳೇ ಕೊನೆಯವಲ್ಲ. ನಾಳೆ ಹೊಸದೊಂದು ತಲೆದೋರುತ್ತದೆ. ಕಾಣದ ನಾಳೆಗೆ ಇಂದೇ ಜಾಗ ಬಿಡುವುದು ಹೇಗೆ?

ಹಳೆಯ ತಪ್ಪುಗಳು ಇಲ್ಲಿ ಪಾಠ ಹೇಳುತ್ತವೆ. ಕಡತವನ್ನು ತೆರೆಯುವ "ಓಪನ್" ಎಂಬ ಕರೆಯೊಡನೆ ಕೆಲವು ಗುರುತುಗಳನ್ನು ಕಳುಹಿಸಬಹುದು. ತನಗೆ ತಿಳಿಯದ ಗುರುತು ಬಂದರೆ ಕರ್ನೆಲ್ ಸುಮ್ಮನೆ ಅಲಕ್ಷಿಸುತ್ತಿತ್ತು. ಮೇಲುನೋಟಕ್ಕೆ ಇದು ಸೌಜನ್ಯ, ಪರಿಣಾಮದಲ್ಲಿ ಮೋಸ. ಕೇಳಿದ್ದು ನಡೆಯಿತೋ ಇಲ್ಲವೋ ಎಂಬುದು ಕೇಳಿದವನಿಗೆ ತಿಳಿಯಲೇ ಇಲ್ಲ. 2020ರ 5.6ನೆಯ ಆವೃತ್ತಿಯಲ್ಲಿ ಹೊಸ ಕರೆಯನ್ನೇ ಸೇರಿಸಿ, ತಿಳಿಯದ ಗುರುತನ್ನು ನಿರಾಕರಿಸುವಂತೆ ಮಾಡಬೇಕಾಯಿತು. ಹೊಸ ಪ್ರೋಗ್ರಾಂ ಎಳೆಯನ್ನು ಹುಟ್ಟಿಸುವ "ಕ್ಲೋನ್" ಕರೆಯಲ್ಲಿ ಗುರುತುಗಳಿಗೆ ಇಟ್ಟ ಜಾಗವೇ ತುಂಬಿಹೋಗಿ, 2019ರಲ್ಲಿ ಅದಕ್ಕೂ ಹೊಸ ಕರೆ ಬಂತು.

ತೊಸಾಟ್ಟಿಯವರ ರೂಪದಲ್ಲಿ ವ್ಯವಹಾರವು ಮೂರು ಮಾತುಗಳಲ್ಲಿ ನಡೆಯುತ್ತದೆ. ಮೊದಲು ಪ್ರೋಗ್ರಾಂ, "ನೀನು ಯಾವ ಯಾವ ಬಗೆಯ ಏಕಾಂತವನ್ನು ಒದಗಿಸಬಲ್ಲೆ?" ಎಂದು ಕರ್ನೆಲ್ಲನ್ನು ವಿಚಾರಿಸುತ್ತದೆ. ಹಳೆಯ ಕರ್ನೆಲ್ಲಾದರೆ ಕಡಿಮೆ ಹೇಳುತ್ತದೆ, ಹೊಸದಾದರೆ ಹೆಚ್ಚು. ಸುಳ್ಳು ಭರವಸೆಗೆ ಎಡೆಯಿಲ್ಲ. ಆಮೇಲೆ ತನಗೆ ಬೇಕಾದುದನ್ನು ಗೊತ್ತುಮಾಡುತ್ತದೆ. ಕೊನೆಗೆ "ಇನ್ನು ಜಾರಿಗೆ ಬರಲಿ" ಎನ್ನುತ್ತದೆ. ಗೊತ್ತುಮಾಡುವುದನ್ನೂ ಜಾರಿಗೆ ತರುವುದನ್ನೂ ಬೇರ್ಪಡಿಸಿದ್ದರಲ್ಲಿಯೇ ಜಾಣತನವಿದೆಯೆಂದು ನಮ್ಮ ಅಭಿಪ್ರಾಯ. ಗೊತ್ತುಮಾಡಿದ್ದನ್ನು ತಾಯಿ ಪ್ರೋಗ್ರಾಂ ತನ್ನ ಮಕ್ಕಳಿಗೆ ಬಳುವಳಿಯಾಗಿ ಕೊಡಬಹುದು. ಆದ್ದರಿಂದ ಯಂತ್ರವನ್ನು ನೋಡಿಕೊಳ್ಳುವವನು ಮೊದಲೇ ಏರ್ಪಡಿಸಿ, ಹಳೆಯ ಪ್ರೋಗ್ರಾಮನ್ನು ಒಂದಕ್ಷರವೂ ತಿದ್ದದೆ ಏಕಾಂತದಲ್ಲಿ ನಡೆಸಲು ಬರುತ್ತದೆ. ಆರಂಭದಲ್ಲಿ ಒದಗಿಸಿದ್ದು ಚೀಟಿಯ ಲೆಕ್ಕವನ್ನು ತೀರಿಸುವ ಸೇವೆ ಮಾತ್ರ. ಪಟ್ಟಿಯಲ್ಲಿ ಖಾಲಿ ಮನೆಗಳನ್ನು ಬಿಟ್ಟಿದ್ದರು.

ಒಂದು ತೊಡಕನ್ನು ಮಾತ್ರ ಯಾವ ಜಾಣತನವೂ ತಪ್ಪಿಸದು. ಬಾಕಿ ಕೆಲಸವನ್ನು ಒಂದು ಬಾರಿ ತೀರಿಸಿದರೆ ಸಾಕೇ, ಅಥವಾ ಪ್ರೋಗ್ರಾಂ ಕರ್ನೆಲ್ಲಿನ ಬಳಿಗೆ ಹೋಗಿ ಬಂದಾಗಲೆಲ್ಲ ತೀರಿಸಬೇಕೇ? ಪ್ರತಿ ಸಲವೂ ತೀರಿಸುವುದಾದರೆ ಪ್ರತಿಯೊಂದು ಕರೆಯೂ ನಿಧಾನವಾಗುತ್ತದೆ. ಆದ್ದರಿಂದ ಎರಡಕ್ಕೂ ಅವಕಾಶವಿಟ್ಟು, ಆಯ್ಕೆಯನ್ನು ಕೇಳುವವನಿಗೇ ಬಿಟ್ಟರು.

ಈ ಪ್ರಸ್ತಾವವು 2022ರವರೆಗೆ ಹಲವು ಸಲ ತಿದ್ದುಪಡಿಯನ್ನು ಪಡೆದರೂ ಮೂಲ ಕರ್ನೆಲ್ಲಿನೊಳಗೆ ಸೇರಲಿಲ್ಲ. 2023ರಲ್ಲಿ, ಏಕಾಂತಕ್ಕೆ ಮೀಸಲಾದ ಕೋರುಗಳಲ್ಲಿ ಸೆಕೆಂಡಿಗೊಮ್ಮೆ ನಡೆಯುವ ಆ ಚೀಟಿಯ ಕೆಲಸವನ್ನೇ ಬಿಟ್ಟುಬಿಡುವ ಸಣ್ಣ ತಿದ್ದುಪಡಿಯೊಂದು ಸೇರಿತು. ಖಾತೆಯಲ್ಲಿ ಒಂದೆರಡು ಅಂಕೆ ಹೆಚ್ಚುಕಡಿಮೆಯಾದರೂ ಆಗಲಿ, ಕೆಲಸ ಕೆಡದಿರಲೆಂದು ಅದರ ಭಾವ. ಇದರಿಂದ ಒಂದು ಅಡ್ಡಿ ನಿವಾರಣೆಯಾಯಿತು. ಪ್ರೋಗ್ರಾಂ ತಾನಾಗಿ ಬಾಯಿಬಿಟ್ಟು ಕೇಳುವ ರೀತಿ ಇದರಿಂದ ದೊರೆಯಲಿಲ್ಲ.

ಗಣಿತದಲ್ಲಿ ಆಸಕ್ತಿಯುಳ್ಳವರು ಇದೊಂದು ಲೆಕ್ಕವನ್ನು ಮಾಡಿ ನೋಡಿರಿ: ತಂತಿಯು ಸೆಕೆಂಡಿಗೆ 25 ಗಿಗಾಬಿಟ್ ಸಾಗಿಸುವುದಾದರೆ, ಕೇವಲ 5 ಮೈಕ್ರೋಸೆಕೆಂಡಿನ ಅಡ್ಡಿಯ ಅವಧಿಯಲ್ಲಿ 64 ಬೈಟಿನ ಪ್ಯಾಕೆಟ್ಟುಗಳು ಎಷ್ಟು ಬಂದು ನಿಲ್ಲುತ್ತವೆ? ಮುನ್ಸೂಚನೆಯ 8 ಬೈಟುಗಳನ್ನೂ ತೆರಪಿನ 12 ಬೈಟುಗಳನ್ನೂ ಮರೆಯಬೇಡಿರಿ.