ಆರೋಗ್ಯ ವೆಚ್ಚದ ಫಲಾಫಲ: ಕರ್ನಾಟಕದ ಎರಡು ಅಧ್ಯಯನಗಳು ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ತೊಡಗಿರುವ ರೀಲರುಗಳಿಗೆ ದುಡಿಯುವ ಬಂಡವಾಳದ ಮಹತ್ವವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಹರಾಜಿನಲ್ಲಿ ಗೂಡು ಕೊಳ್ಳಲು ಹಣವಿಲ್ಲದ ದಿನ ಘಟಕದ ಒಲೆ ಉರಿಯುವುದಿಲ್ಲ. ಗೂಡಿನ ಬೆಲೆಯ ಏರಿಳಿತ, ನೂಲಿನ ಬಾಕಿ ಮೊದಲಾದ ನಷ್ಟದ ಕಾರಣಗಳು ಲೆಕ್ಕದ ಪುಸ್ತಕದಲ್ಲಿ ಕಾಣಸಿಗುತ್ತವೆ. ಆದರೆ ಮನೆಯವರೊಬ್ಬರ ಹೃದ್ರೋಗಕ್ಕೋ ಕ್ಯಾನ್ಸರಿಗೋ ತೆಗೆದ ಹಣವು ‘ಮಾಲೀಕರ ಸ್ವಂತ ಖರ್ಚು’ ಎಂಬ ಶಿರೋನಾಮೆಯಡಿ ಅಡಗಿಹೋಗುತ್ತದೆ. ಕಾರ್ಮಿಕನ ಕಾಯಿಲೆಯಂತೂ ‘ಮುಂಗಡ’ ಎಂದಷ್ಟೇ ದಾಖಲಾಗುತ್ತದೆ. ಈ ವೆಚ್ಚವನ್ನು ಯಾರು ಭರಿಸಬೇಕು, ಭರಿಸಿದರೆ ಜನರ ಆಯುರಾರೋಗ್ಯದ ಮೇಲೆ ಆಗುವ ಪರಿಣಾಮವೇನು ಎಂಬುದು ಇಂದು ಸಂಶೋಧನೆಯ ವಿಷಯವಾಗಿದೆ. ಈ ಕುರಿತ ಎರಡು ಮಹತ್ವದ ಅಧ್ಯಯನಗಳು ಕರ್ನಾಟಕದಲ್ಲಿಯೇ ನಡೆದಿವೆ.

ದೇಶದ ಲೆಕ್ಕ

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ, 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 64.2ರಷ್ಟನ್ನು ಜನರು ತಮ್ಮ ಜೇಬಿನಿಂದ ನೇರವಾಗಿ ಭರಿಸುತ್ತಿದ್ದರು. 2021-22ರ ವೇಳೆಗೆ ಈ ಪ್ರಮಾಣವು ಶೇ. 39.4ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಸರ್ಕಾರದ ಪಾಲು ಶೇ. 28.6ರಿಂದ ಶೇ. 48ಕ್ಕೆ ಏರಿತು. ಆದರೂ 2021-22ರಲ್ಲಿ ಸರ್ಕಾರಿ ಆರೋಗ್ಯ ವೆಚ್ಚವು ಒಟ್ಟು ಆಂತರಿಕ ಉತ್ಪನ್ನದ ಶೇ. 1.84ರಷ್ಟಿತ್ತು, 2017ರ ರಾಷ್ಟ್ರೀಯ ಆರೋಗ್ಯ ನೀತಿಯು 2025ರ ವೇಳೆಗೆ ಶೇ. 2.5ರ ಗುರಿಯನ್ನು ಇರಿಸಿಕೊಂಡಿತ್ತು. ವೆಚ್ಚ ಏರಿದೆ ಎಂಬುದರಲ್ಲಿ ಸಂದೇಹವಿಲ್ಲ. ಏರಿದ ವೆಚ್ಚದಿಂದ ಪ್ರಾಣ ಉಳಿದಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಗಡಿಯ ಎರಡು ಬದಿಯ ಗ್ರಾಮಗಳು

ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡ ಹಾಗೂ ನರರೋಗ, ಸುಟ್ಟಗಾಯ ಮುಂತಾದ ತೀವ್ರ ಸ್ಥಿತಿಗಳಲ್ಲಿ ಉಚಿತ ಚಿಕಿತ್ಸೆ ಒದಗಿಸುವ ‘ವಾಜಪೇಯಿ ಆರೋಗ್ಯಶ್ರೀ’ ಯೋಜನೆಯು 2010ರ ಫೆಬ್ರವರಿಯಲ್ಲಿ ಗುಲ್ಬರ್ಗ ವಿಭಾಗದಲ್ಲಿ ಆರಂಭವಾಯಿತು. ಅನಂತರ ಬೆಳಗಾವಿ ವಿಭಾಗಕ್ಕೂ, 2012ರಲ್ಲಿ ಬೆಂಗಳೂರು ಮತ್ತು ಮೈಸೂರು ವಿಭಾಗಗಳಿಗೂ ವಿಸ್ತರಿಸಿತು. ಹೀಗಾಗಿ ಸುಮಾರು ಎರಡು ವರ್ಷಗಳ ಕಾಲ ರಾಜ್ಯದ ಉತ್ತರಾರ್ಧದ ಬಡವರಿಗೆ ಸೌಲಭ್ಯವಿತ್ತು, ದಕ್ಷಿಣಾರ್ಧದವರಿಗೆ ಇರಲಿಲ್ಲ.

ಈ ಅಂತರವನ್ನೇ ಸಂಶೋಧಕ ನೀರಜ್ ಸೂದ್ ಮತ್ತು ಸಂಗಡಿಗರು ಅಳತೆಗೋಲಾಗಿ ಬಳಸಿಕೊಂಡರು. ಗಡಿಯ ಉತ್ತರಕ್ಕಿದ್ದ 300 ಗ್ರಾಮಗಳನ್ನೂ, ಅವುಗಳನ್ನು ಹೋಲುವ ದಕ್ಷಿಣದ 272 ಗ್ರಾಮಗಳನ್ನೂ ಆಯ್ದು, ಒಟ್ಟು 60,000ಕ್ಕೂ ಹೆಚ್ಚು ಕುಟುಂಬಗಳ ಮಾಹಿತಿಯನ್ನು ತಾಳೆ ನೋಡಲಾಯಿತು. ಫಲಿತಾಂಶವು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಸಂಬಂಧಿಸಿದ ರೋಗಗಳಿಂದ ಸಂಭವಿಸಿದ ಮರಣದ ಪ್ರಮಾಣವು ಸೌಲಭ್ಯವಿದ್ದ ಗ್ರಾಮಗಳ ಬಡ ಕುಟುಂಬಗಳಲ್ಲಿ ಶೇ. 0.32, ಸೌಲಭ್ಯವಿಲ್ಲದ ಕಡೆ ಶೇ. 0.90 ಇತ್ತು. ಯೋಜನೆಗೆ ಒಳಪಡದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಮಾತ್ರ ಗಡಿಯ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಪ್ರಮಾಣವಿತ್ತು. ವ್ಯತ್ಯಾಸಕ್ಕೆ ಊರಿನ ಹವೆಯಾಗಲಿ ರಸ್ತೆಯಾಗಲಿ ಕಾರಣವಲ್ಲ, ಯೋಜನೆಯೇ ಕಾರಣ ಎಂಬ ವಾದಕ್ಕೆ ಇದು ಬಲ ನೀಡಿತು. ತೀವ್ರ ಚಿಕಿತ್ಸೆಗಾಗಿ ಬಡ ಕುಟುಂಬಗಳು ಜೇಬಿನಿಂದ ಭರಿಸುವ ವೆಚ್ಚವೂ ಗಣನೀಯವಾಗಿ ತಗ್ಗಿತ್ತು. ಆಸ್ಪತ್ರೆಗಳು ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿ ಕರೆದೊಯ್ಯುವ ವ್ಯವಸ್ಥೆಯು ಈ ಯೋಜನೆಯ ಭಾಗವಾಗಿತ್ತು ಎಂಬುದು ಗಮನಾರ್ಹ.

ಕಾರ್ಡು ಇದ್ದೂ ಫಲ ಕಾಣದ ಪ್ರಸಂಗ

ಎರಡನೆಯ ಅಧ್ಯಯನವು ಅನೂಪ್ ಮಲಾನಿ ಮತ್ತು ಸಂಗಡಿಗರದು. ಗುಲ್ಬರ್ಗ ಮತ್ತು ಮೈಸೂರು ಪ್ರದೇಶಗಳ 10,000ಕ್ಕೂ ಹೆಚ್ಚು ಕುಟುಂಬಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಉಚಿತವಾಗಿ, ಕೆಲವರಿಗೆ ಹಣಕ್ಕೆ ಆಸ್ಪತ್ರೆ ವಿಮೆ ನೀಡಲಾಯಿತು. ಒಂದು ಗುಂಪಿಗೆ ನೀಡಲಿಲ್ಲ. ಇವು ಬಡತನ ರೇಖೆಗಿಂತ ಮೇಲಿನ ಕುಟುಂಬಗಳು. ನೀಡಿದ ವಿಮೆಯು ವರ್ಷಕ್ಕೆ 30,000 ರೂಪಾಯಿ ಮಿತಿಯ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆಯದು. 2021ರಲ್ಲಿ ಹೊರಬಂದ ಫಲಿತಾಂಶದಂತೆ, ಉಚಿತವಾಗಿ ಕೊಟ್ಟಾಗ ಬಹುಪಾಲು ಕುಟುಂಬಗಳು ವಿಮೆಗೆ ಸೇರಿದವು, ವಿಮೆಯ ಬಳಕೆಯೂ ಹೆಚ್ಚಿತು. ಆದರೆ ಆರೋಗ್ಯದ ಅಳತೆಗಳಲ್ಲಿ ಗಮನಾರ್ಹ ಸುಧಾರಣೆ ಕಂಡುಬರಲಿಲ್ಲ. ವಿಮೆಯನ್ನು ಬಳಸಲು ಯತ್ನಿಸಿ ವಿಫಲರಾದವರೂ ಅನೇಕರಿದ್ದರು. ಕಾರ್ಡನ್ನು ಜೊತೆಗೆ ಒಯ್ಯಲು ಮರೆತದ್ದು, ಬಳಸುವ ಕ್ರಮ ತಿಳಿಯದಿದ್ದದ್ದು ಇದಕ್ಕೆ ಕಾರಣಗಳಲ್ಲಿ ಸೇರಿದ್ದವು.

ತಾಳೆ ನೋಡಿದಾಗ

ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಫಲಾನುಭವಿಗಳು ಬೇರೆ, ಒಳಗೊಂಡ ಕಾಯಿಲೆಗಳು ಬೇರೆ, ಅಧ್ಯಯನದ ವಿಧಾನವೂ ಬೇರೆ. ಅಮೆರಿಕದಲ್ಲಿ 1974ರಿಂದ 1982ರವರೆಗೆ ನಡೆದ ರ್‍ಯಾಂಡ್ ಪ್ರಯೋಗವು ಇಲ್ಲಿ ನೆರವಿಗೆ ಬರುತ್ತದೆ. ಉಚಿತ ಚಿಕಿತ್ಸೆ ದೊರೆತವರು ಸೇವೆಯನ್ನು ಹೆಚ್ಚಾಗಿ ಬಳಸಿದರೂ ಸರಾಸರಿ ಆರೋಗ್ಯದಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಆದರೆ ರಕ್ತದೊತ್ತಡವಿದ್ದ ಬಡವರಲ್ಲಿ ಸ್ಪಷ್ಟ ಲಾಭ ಕಂಡಿತು. ಒಟ್ಟಾರೆ ಹೊರಡುವ ನಿರ್ಣಯವಿಷ್ಟು: ಹಣವು ಬಡವನ ತೀವ್ರ ಕಾಯಿಲೆಗೆ, ಸಕಾಲದಲ್ಲಿ, ರೋಗಿಯನ್ನು ಆಸ್ಪತ್ರೆಯವರೆಗೆ ತಲುಪಿಸುವ ವ್ಯವಸ್ಥೆಯೊಡನೆ ವಿನಿಯೋಗವಾದಾಗ ಪ್ರಾಣ ಉಳಿಯುತ್ತದೆ. ಕೇವಲ ಕಾರ್ಡು ಹಂಚಿದರೆ ವೆಚ್ಚ ದಾಖಲಾದೀತು, ಫಲ ದೊರೆಯಲಾರದು.

ನಮ್ಮ ಪ್ರದೇಶಕ್ಕೆ ಅನ್ವಯ

2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಪಡೆದ ಈ ಪ್ರದೇಶದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳು ದೂರವೇನಲ್ಲ. ಆದರೆ ಬಿಚ್ಚಾಣಿಕೆ ಘಟಕಗಳಲ್ಲಿ, ಬೊಂಬೆ ತಯಾರಿಕೆಯ ಮನೆಗಳಲ್ಲಿ ದುಡಿಯುವವರಿಗೆ ಒಂದು ದಿನದ ಕೂಲಿ ಬಿಟ್ಟು ಹೋಗುವುದೇ ಕಷ್ಟ. ಬಿಸಿನೀರು, ಹಬೆ, ಮರದ ಧೂಳುಗಳ ನಡುವೆ ದುಡಿಯುವ ಇವರು ಕಾಯಿಲೆ ಬಲಿಯುವವರೆಗೂ ಕಾಯುತ್ತಾರೆ.

ಉದಾಹರಣೆಗೆ, ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆಗೆ ತಿಂಗಳಿಗೆ ಶೇ. 3ರ ಬಡ್ಡಿಯಲ್ಲಿ ಸಾಲ ಮಾಡಿದರೆ ತಿಂಗಳ ಬಡ್ಡಿಯೇ 4,500 ರೂಪಾಯಿ, ವರ್ಷಕ್ಕೆ 54,000 ರೂಪಾಯಿ ಆಗುತ್ತದೆ. ಅಸಲು ಹಾಗೆಯೇ ಉಳಿಯುತ್ತದೆ. ಮತ್ತೊಂದೆಡೆ, ತಿಂಗಳಿಗೆ 15,000 ರೂಪಾಯಿ ವೇತನದ ಕಾರ್ಮಿಕನಿಗೆ ನೌಕರರ ರಾಜ್ಯ ವಿಮೆಯಡಿ, 2019ರ ಜುಲೈನಿಂದ ಅನ್ವಯವಾದ ದರದಂತೆ, ಮಾಲೀಕರ ವಂತಿಗೆ ಶೇ. 3.25, ಅಂದರೆ 487.50 ರೂಪಾಯಿ, ಕಾರ್ಮಿಕನದು ಶೇ. 0.75, ಅಂದರೆ 112.50 ರೂಪಾಯಿ. ಒಟ್ಟು 600 ರೂಪಾಯಿ. ಕುಟುಂಬದ ಚಿಕಿತ್ಸೆಯಲ್ಲದೆ, ನಿಬಂಧನೆಗಳಿಗೆ ಒಳಪಟ್ಟು ಕಾರ್ಮಿಕನಿಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆಯೂ ಇದರಲ್ಲಿ ಲಭ್ಯ.

ಉದ್ಯಮಿಗಳು ಕೈಗೊಳ್ಳಬಹುದಾದ ಕ್ರಮಗಳು

1. ಹತ್ತಕ್ಕಿಂತ ಕಡಿಮೆ ಕಾರ್ಮಿಕರಿರುವ ಘಟಕಗಳು ಸಾಮಾನ್ಯವಾಗಿ ಕಡ್ಡಾಯ ವಿಮೆಯ ಹೊರಗುಳಿಯುತ್ತವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮಾಲೀಕರು ಮತ್ತು ಬಹುಪಾಲು ಕಾರ್ಮಿಕರು ಒಪ್ಪಿದರೆ ಸ್ವಇಚ್ಛೆಯಿಂದ ಸೇರುವ ಅವಕಾಶವಿದೆ. ಇದನ್ನು ಪರಿಶೀಲಿಸಬೇಕು.

2. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ; ಇತರರಿಗೆ ನಿಗದಿತ ದರದ ಶೇ. 30ರಷ್ಟು ದೊರೆಯುತ್ತದೆ. ತುರ್ತು ಸಂದರ್ಭಗಳನ್ನು ಬಿಟ್ಟು ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಈ ಒಂದು ನಿಯಮವನ್ನು ಕಾರ್ಮಿಕರಿಗೆ ತಿಳಿಸಿಕೊಟ್ಟರೂ ದೊಡ್ಡ ಉಪಕಾರ.

3. ಪ್ರತಿ ಘಟಕದಲ್ಲಿ ಕಾರ್ಡುಗಳ ವಿವರವನ್ನು ಹಾಜರಿ ಪುಸ್ತಕದೊಡನೆ ಇರಿಸಿ, ಆಸ್ಪತ್ರೆಯ ಕ್ರಮ ಬಲ್ಲ ಒಬ್ಬರಿಗೆ ಹೊಣೆ ವಹಿಸಬೇಕು.

4. ವರ್ಷಕ್ಕೊಮ್ಮೆಯಾದರೂ ವೇತನಸಹಿತ ಬಿಡುವು ನೀಡಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆಗೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು.

ಯಂತ್ರಕ್ಕೆ ಸವಕಳಿ ಲೆಕ್ಕ ಬರೆಯುವ ಉದ್ಯಮಿಯು ಅದನ್ನು ನಡೆಸುವ ಕೈಗಳ ಸವಕಳಿಯನ್ನೂ ಗಮನಿಸುವುದು ನ್ಯಾಯ. ಸೌಲಭ್ಯ ಎರಡು ವರ್ಷ ತಡವಾಗಿ ತಲುಪಿದ ಕಡೆ ಎಷ್ಟು ಜೀವಗಳು ಹೋದವು ಎಂಬುದನ್ನು ಗಡಿಯ ಗ್ರಾಮಗಳ ಅಂಕಿ ಅಂಶಗಳು ತಿಳಿಸಿವೆ. ಇಂದು ಯೋಜನೆ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಇದೆ. ಅದನ್ನು ಕಾರ್ಮಿಕನ ಮನೆಯವರೆಗೆ ತಲುಪಿಸುವ ಕೊನೆಯ ಹೆಜ್ಜೆಯಲ್ಲಿ ವರ್ತಕ ಸಮುದಾಯದ ಪಾಲು ಸಣ್ಣದಲ್ಲ.