ನೀಲಿಹಕ್ಕಿಯ ಗೂಡುಪೆಟ್ಟಿಗೆ

ಉತ್ತರ ಅಮೆರಿಕದ ಪೂರ್ವಭಾಗದ ಬಯಲುಗಳಲ್ಲಿ ನೀಲಿಹಕ್ಕಿ ಎಂಬ ಪುಟ್ಟ ಪಕ್ಷಿಯೊಂದಿದೆ. ಅದರ ಬೆನ್ನು ನೀಲಿ, ಎದೆ ಕೆಂಗಂದು. ಅದು ಮರದ ಪೊಟರೆಯಲ್ಲಿ ಗೂಡು ಕಟ್ಟುತ್ತದೆ. ಆದರೆ ಪೊಟರೆಯನ್ನು ತಾನೇ ಕೊರೆಯಲಾರದು. 1850ರ ದಶಕದಲ್ಲಿ ಯುರೋಪಿನಿಂದ ತಂದುಬಿಟ್ಟ ಗುಬ್ಬಚ್ಚಿಗಳೂ, 1890ರಲ್ಲಿ ನ್ಯೂಯಾರ್ಕಿನಲ್ಲಿ ಬಿಟ್ಟ, ನಮ್ಮ ಗೊರವಂಕದ ಬಂಧುವಾದ ಸ್ಟಾರ್ಲಿಂಗ್ ಪಕ್ಷಿಗಳೂ ಆ ಪೊಟರೆಗಳನ್ನು ಆಕ್ರಮಿಸಿದವು. ಪೊಟರೆಯುಳ್ಳ ಒಣಮರಗಳನ್ನು ಜನರು ಕಡಿದರು. ನೀಲಿಹಕ್ಕಿ ವಿರಳವಾಯಿತು.

1934ರಲ್ಲಿ ಇಲಿನಾಯ್ ರಾಜ್ಯದ ಟಿ. ಇ. ಮಸಲ್‌ಮನ್ ಅವರು ರಸ್ತೆಯುದ್ದಕ್ಕೂ ಗೂಡುಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿದರು. 1978ರಲ್ಲಿ ಲಾರೆನ್ಸ್ ಝೆಲೆನಿಯವರು ಉತ್ತರ ಅಮೆರಿಕದ ನೀಲಿಹಕ್ಕಿ ಸಂಘವನ್ನು ಸ್ಥಾಪಿಸಿದರು.

ಪೆಟ್ಟಿಗೆಯ ದ್ವಾರದ ವ್ಯಾಸ ಒಂದೂವರೆ ಅಂಗುಲ. ಸ್ಟಾರ್ಲಿಂಗ್ ಅದರೊಳಗೆ ನುಗ್ಗಲಾರದು, ಗುಬ್ಬಚ್ಚಿ ನುಗ್ಗಬಲ್ಲುದು. ಅದು ಮೊಟ್ಟೆಗಳನ್ನು ಒಡೆಯುತ್ತದೆ. ತಾಯಿಹಕ್ಕಿಯನ್ನು ಕೊಲ್ಲುವುದೂ ಉಂಟು. ಪೆಟ್ಟಿಗೆಯನ್ನು ನಿಲ್ಲಿಸಿ ಮರೆತರೆ ಆಶ್ರಯವೇ ಅಪಾಯವಾಗುತ್ತದೆ. ಆದುದರಿಂದ ಸ್ವಯಂಸೇವಕರು ವಾರಕ್ಕೊಮ್ಮೆ ಪೆಟ್ಟಿಗೆಯನ್ನು ತೆರೆದು ನೋಡುತ್ತಾರೆ. ಗುಬ್ಬಚ್ಚಿಯ ಗೂಡಿದ್ದರೆ ತೆಗೆದುಹಾಕುತ್ತಾರೆ. ನೀಲಿಹಕ್ಕಿಯ ಮೊಟ್ಟೆಮರಿಗಳನ್ನು ಎಣಿಸಿ ಬರೆದಿಡುತ್ತಾರೆ. ಮರಿಗಳಿಗೆ ಸುಮಾರು 13 ದಿನ ತುಂಬಿದ ಮೇಲೆ ಮಾತ್ರ ಪೆಟ್ಟಿಗೆಯನ್ನು ತೆರೆಯುವುದಿಲ್ಲ. ಬೆದರಿದ ಮರಿಗಳು ರೆಕ್ಕೆ ಬಲಿಯುವ ಮೊದಲೇ ಹೊರಬಿದ್ದು ಸಾಯಬಹುದು.

ಇಂಥ ಸಾಮಾನ್ಯ ಜನರ ದುಡಿಮೆಯಿಂದ ನೀಲಿಹಕ್ಕಿಗಳ ಸಂಖ್ಯೆ ಮತ್ತೆ ಏರಿತು. ಜೀವಿಗಳನ್ನು ಕಾಪಾಡಲು ಕರುಣೆಯೊಂದೇ ಸಾಲದು. ತಪ್ಪದೆ ನೋಡುವ ಶ್ರದ್ಧೆಯೂ, ಸಕಾಲದಲ್ಲಿ ದೂರ ನಿಲ್ಲುವ ವಿವೇಕವೂ ಬೇಕು.