ಹಳದಿ ದೀಪ, ನಡುಗುವ ಎಂಜಿನ್: ದುಡ್ಡು ಸೋರುವುದೆಲ್ಲಿ?

ಪೆಟ್ರೋಲ್ ಕಾರಿನ ಮೀಟರ್ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡು, ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ನಡುಗತೊಡಗಿದರೆ ಎರಡರ ಬೇರೂ ಬಹುಪಾಲು ಒಂದೇ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಗ್ಯಾರೇಜಿನ ಮಾತಿನಲ್ಲಿ ‘ಮಿಸ್ಸಿಂಗ್’. ದೀಪ ಒಂದೇ ಸಮನೆ ಉರಿಯುತ್ತಿದ್ದರೆ ಹತ್ತಿರದ ಗ್ಯಾರೇಜಿನವರೆಗೆ ನಿಧಾನವಾಗಿ ಓಡಿಸಬಹುದು. ಮಿನುಗುತ್ತಿದ್ದರೆ ಗಾಡಿ ನಿಲ್ಲಿಸಲೇಬೇಕು. ಉರಿಯದೆ ಉಳಿದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ, ಅಲ್ಲಿ ಹೊತ್ತಿ, ಅದನ್ನೇ ಸುಟ್ಟುಹಾಕುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳಿರುವ ಆ ಭಾಗದ ಬೆಲೆಯ ಮುಂದೆ ಟೋಯಿಂಗ್ ಖರ್ಚು ಏನೂ ಅಲ್ಲ.

ಭಾರತದಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ದೋಷವನ್ನು ತಾನೇ ಪತ್ತೆಹಚ್ಚುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಗಿದೆ. ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸಿದರೆ ದೋಷದ ಕೋಡ್ ಕಾಣುತ್ತದೆ. ಪಿ0300 ಎಂದರೆ ಮಿಸ್ಸಿಂಗ್ ಒಂದೇ ಸಿಲಿಂಡರಿಗೆ ಸೀಮಿತವಾಗಿಲ್ಲ. ಪಿ0302 ಎಂದರೆ ಎರಡನೆಯ ಸಿಲಿಂಡರಿನಲ್ಲಿ. ಕೋಡ್ ಹೇಳುವುದು ಲಕ್ಷಣವನ್ನು, ಕೆಟ್ಟ ಭಾಗವನ್ನಲ್ಲ. ಇದನ್ನು ಮರೆತಾಗಲೇ ಬಿಲ್ ಏರುತ್ತದೆ: ಮೊದಲು ಕಿಡಿ ಹಾರಿಸುವ ಪ್ಲಗ್, ಆಮೇಲೆ ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್, ಕೊನೆಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್. ಒಂದೊಂದಾಗಿ ಬದಲಾದರೂ ನಡುಕ ನಿಲ್ಲುವುದಿಲ್ಲ, ಹಾಕಿದ ಭಾಗವನ್ನು ಅಂಗಡಿಯವನು ವಾಪಸ್ ಪಡೆಯುವುದೂ ಇಲ್ಲ.

ಪ್ರತಿ ಪ್ಲಗ್ಗಿಗೂ ಪ್ರತ್ಯೇಕ ಕಾಯಿಲ್ ಇರುವ ಎಂಜಿನ್‌ಗಳಲ್ಲಿ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಪಿ0302 ಬಂದಿದ್ದರೆ ಎಂಜಿನ್ ಆಫ್ ಮಾಡಿ, ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ, ಮತ್ತೆ ಓಡಿಸಿ ನೋಡಬೇಕು. ಕೋಡ್ ಪಿ0303ಕ್ಕೆ ಬದಲಾದರೆ ಕೆಟ್ಟಿರುವುದು ಆ ಕಾಯಿಲ್. ಬದಲಾಗದಿದ್ದರೆ ಪ್ಲಗ್ ಅದಲುಬದಲು, ನಂತರ ಇಂಜೆಕ್ಟರ್ ಮತ್ತು ಕಂಪ್ರೆಷನ್ ತಪಾಸಣೆ. ಇಷ್ಟನ್ನು ಮಾಡದೆ ಹೊಸ ಕಾಯಿಲ್ ಸೂಚಿಸುವವರ ಮಾತಿಗೆ ಒಪ್ಪಬಾರದು.

ಪಿ0171 ಎಂಬ ಕೋಡ್ ಬಂದಾಗ ಹಣ ಪೋಲಾಗುವುದು ಇನ್ನೂ ಹೆಚ್ಚು. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದು ಆಕ್ಸಿಜನ್ ಸೆನ್ಸರ್ ವರದಿ ಮಾಡಿರುತ್ತದೆ. ಎಷ್ಟೋ ಕಡೆ ಬದಲಾಗುವುದು ಆ ಸೆನ್ಸರೇ. ನಿಜವಾದ ಕಾರಣ ಬಿರುಕು ಬಿಟ್ಟ ಅಥವಾ ಇಲಿ ಕಡಿದ ವ್ಯಾಕ್ಯೂಮ್ ಪೈಪ್ ಆಗಿರಬಹುದು. ಪೆಟ್ರೋಲ್ ಪ್ರಮಾಣವನ್ನು ಎಂಜಿನ್ ಕಂಪ್ಯೂಟರ್ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂದು ತೋರಿಸುವ, ಸ್ಕ್ಯಾನರಿನ ಫ್ಯೂಯೆಲ್ ಟ್ರಿಮ್ ಅಂಕಿ ಐಡ್ಲಿಂಗ್‌ನಲ್ಲಿ ಮಿತಿಮೀರಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಗಾಳಿ ಸೋರಿಕೆಯನ್ನೇ ಮೊದಲು ಹುಡುಕಬೇಕು. ದೀಪ ಹೊತ್ತದೆ ಬರೀ ನಡುಕವಿದ್ದರೆ ಥ್ರಾಟಲ್ ಬಾಡಿಯ ಮಸಿ, ಹರಿದ ಎಂಜಿನ್ ಮೌಂಟಿಂಗ್ ಇವೆರಡನ್ನೂ ನೋಡಬೇಕು.

ಬ್ಯಾಟರಿ ತಂತಿ ಕಳಚಿ ದೀಪ ಆರಿಸುವುದು ರಿಪೇರಿಯಲ್ಲ. ಕೋಡ್ ಜೊತೆಗೆ, ದೋಷ ಕಂಡ ಕ್ಷಣದ ವೇಗ, ಉಷ್ಣತೆಯಂಥ ಮಾಹಿತಿಯೂ ಅಳಿಸಿಹೋಗಿ ಮುಂದಿನ ತಪಾಸಣೆ ಕಷ್ಟವಾಗುತ್ತದೆ. ಗಾಡಿ ಬಿಡುವಾಗಲೇ ತಪಾಸಣೆಯ ಶುಲ್ಕವನ್ನು ಬೇರೆಯಾಗಿ ಒಪ್ಪಿಕೊಂಡು, ಕೋಡ್‌ಗಳ ಫೋಟೋ ತೆಗೆದುಕೊಂಡು, ಯಾವ ಪರೀಕ್ಷೆಯಿಂದ ಯಾವ ಭಾಗ ಕೆಟ್ಟಿದೆಯೆಂದು ಗೊತ್ತಾಯಿತು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು.